ಎತ್ತಿನಗಾಡಿ ಫೋಟೋ ನೋಡಿ ನಗೋರಿಗೆ

2024ರಲ್ಲಿ ಇಸ್ರೋದ ಜಿಸ್ಯಾಟ್-ಎನ್2 ಸಂಪರ್ಕ ಉಪಗ್ರಹನ ಅಮೆರಿಕಾದ ಖಾಸಗಿ ಕಂಪನಿ ಸ್ಪೇಸ್‌ಎಕ್ಸ್ ರಾಕೆಟ್ಟಲ್ಲಿ ಕಳ್ಸಿದ್ದು ನಾಚಿಕೆಗೇಡು ಅಂತ ಒಬ್ರು ಬರ್ದಿದಾರೆ, ಸ್ವಾಮಿ ಅದರ ತೂಕ 4,700 ಕೆಜಿ, ನಮ್ಮ ಅತಿ ದೊಡ್ಡ ರಾಕೆಟ್ ಎಲ್‌ವಿಎಂ3 ಅದು ಹೋಗ್ಬೇಕಿದ್ದ ಎತ್ತರದ ಕಕ್ಷೆಗೆ ಹೊರೋದು ಸುಮಾರು 4 ಟನ್, ಮತ್ತೇನ್ ಮಾಡ್ಬೇಕಿತ್ತು? ಇದೇನ್ ಹೊಸದಾ? ಇಸ್ರೋ ಬೆಂಗಳೂರಲ್ಲಿ ಮಾಡಿದ ಆಪಲ್ ಅನ್ನೋ ಸಂಪರ್ಕ ಉಪಗ್ರಹ 1981ರ ಜೂನ್ 19ಕ್ಕೆ ಹೋಗಿದ್ದೂ ಫ್ರೆಂಚ್ ಗಯಾನಾದ ಕೂರೂನಿಂದ, ಯುರೋಪಿನವರ ಏರಿಯಾನ್ ರಾಕೆಟ್ ಆಗಿನ್ನೂ ಟೆಸ್ಟಿಂಗಲ್ಲಿತ್ತು, ಫ್ರೀಯಾಗಿ ಜಾಗ ಕೊಡ್ತೀವಿ ಅಂದ್ರು ನಮ್ಮೋರು ಬಿಡ್ಲಿಲ್ಲ ಅಷ್ಟೆ. ಆ ಆಪಲ್‌ನ ಎತ್ತಿನಗಾಡಿ ಮೇಲಿಟ್ಟಿರೋ ಫೋಟೋ ಹಾಕಿ ಆಡ್ಕೊಳ್ತಾರಲ್ಲ, ಅದು ಬಡತನಕ್ಕಲ್ಲ ರೀ, ಆಂಟೆನಾ ಟೆಸ್ಟ್ ಮಾಡುವಾಗ ಕೆಳಗಡೆ ಲೋಹದ ಲಾರಿ ಇದ್ರೆ ಅಡ್ಡ ಬರುತ್ತೆ ಅಂತ ಮರದ ಗಾಡಿ ತಂದಿದ್ದು. ಕಕ್ಷೆಗೆ ಹೋದ್ಮೇಲೆ ಒಂದು ಸೋಲಾರ್ ಪ್ಯಾನಲ್ ಬಿಚ್ಕೊಳ್ಳೇ ಇಲ್ಲ, ಆದ್ರೂ ಎರಡು ವರ್ಷಕ್ಕಿಂತ ಜಾಸ್ತಿ ಬಾಳ್ತು. ದುಡ್ಡು ಕೊಟ್ಟು ಅಮೆರಿಕಾದ ಫೋರ್ಡ್‌ನವರ ಹತ್ರ ಮಾಡಿಸ್ಕೊಂಡ ಇನ್ಸಾಟ್-1ಎ ಉಪಗ್ರಹ ನೋಡಿ, 1982ರ ಏಪ್ರಿಲ್‌ನಲ್ಲಿ ಹೋಯ್ತು, ಸೆಪ್ಟೆಂಬರ್‌ಗೆ ಕೈ ಕೊಡ್ತು! ಅವರೇ ಮಾಡಿದ ಇನ್ಸಾಟ್-1ಬಿ ಮಾತ್ರ 1983ರಲ್ಲಿ ಅಮೆರಿಕಾದ ಚಾಲೆಂಜರ್ ಬಾಹ್ಯಾಕಾಶ ಶಟಲ್ಲಲ್ಲಿ ಹೋಗಿ ವರ್ಷಗಟ್ಲೆ ಓಡ್ತು, ದೂರದರ್ಶನ ಊರೂರಿಗೆ ಹಬ್ಬಿದ್ದೇ ಆಮೇಲೆ. ಈ ಇನ್ಸಾಟ್‌ಗಳನ್ನ ಇಲ್ಲೇ ಹಾಸನದಲ್ಲಿ ಕೂತು ಕಂಟ್ರೋಲ್ ಮಾಡ್ತಿದ್ರು, ಅದನ್ನ ಯಾರೂ ಹೇಳಲ್ಲ.