ಸುಟ್ಟ ಗಾಯದವರಿಗೂ ಇದು ಗೊತ್ತಿರಲಿ

ಮೂಗು ತಿದ್ದಿಸುವ, ಹೊಟ್ಟೆ ಕೊಬ್ಬು ತೆಗೆಸುವ ಮುಂಚೆ ಡಾಕ್ಟರನ್ನು ಏನು ಕೇಳಬೇಕು ಅಂತ ಪ್ಲಾಸ್ಟಿಕ್ ಸರ್ಜರಿ ಬಗ್ಗೆ ನೀವು ಪ್ರಕಟಿಸಿದ ಲೇಖನ ಚೆನ್ನಾಗಿ ಹೇಳಿದೆ. ಆದರೆ ನಮ್ಮ ಕಲಬುರಗಿ ಕಡೆ ಒಲೆ, ಸ್ಟೋವ್ ಬೆಂಕಿಯಲ್ಲಿ ಸುಟ್ಟುಕೊಂಡ ಹೆಣ್ಣುಮಕ್ಕಳಿಗೂ ಪ್ಲಾಸ್ಟಿಕ್ ಸರ್ಜರಿ ಬೇಕಾಗುತ್ತದೆ. ಅವರ ಬಗ್ಗೆಯೂ ಬರೆಯಬೇಕಿತ್ತು.

ಸೇಡಂ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಕುತ್ತಿಗೆ ಸುಟ್ಟಿತ್ತು. ಗಾಯ ಮಾಯಿತು, ಆದರೆ ಚರ್ಮ ಬಿಗಿದು ತಲೆ ಎತ್ತಲು ಆಗದಂತಾಯಿತು. ಬಿಗಿತ ಬಿಡಿಸಿ, ತೊಡೆಯ ಚರ್ಮ ತೆಗೆದು ಕಸಿ ಮಾಡಿದರು. ಆಪರೇಷನ್ ಆಯ್ತು, ಮುಗೀತು ಅಂತ ಮನೆಯವರು ತಿಳಿದರು. ಹಾಗಲ್ಲ. ಕಸಿ ಮಾಡಿದ ಚರ್ಮ ಮತ್ತೆ ಕುಗ್ಗುತ್ತದೆ. ತಿಂಗಳುಗಟ್ಟಲೆ ಕುತ್ತಿಗೆಗೆ ಪಟ್ಟಿ ಹಾಕಬೇಕು, ವ್ಯಾಯಾಮ ಮಾಡಿಸಬೇಕು. ಇದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಕಲೆ ಪೂರ್ತಿ ಹೋಗುವುದಿಲ್ಲ. ತಿಳಿಯಾಗಲು ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ನಮ್ಮ ಬೇಸಿಗೆಯ ಬಿಸಿಲಿಗೆ ಹೊಸ ಚರ್ಮ ಬೇಗ ಕಪ್ಪಾಗುತ್ತದೆ, ಸೆರಗು ಮುಚ್ಚಿಕೊಂಡೇ ಹೊರಗೆ ಹೋಗಬೇಕು.

ಬೀಡಿ, ಗುಟ್ಕಾವನ್ನು ಆಪರೇಷನ್‌ಗೆ ಕನಿಷ್ಠ 4 ವಾರ ಮುಂಚೆ ಬಿಡಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ.

ಬೋರ್ಡ್ ಮೇಲೆ ಕಾಸ್ಮೆಟಿಕ್ ಅಂತ ಇದ್ದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂಸಿಎಚ್ ಅಥವಾ ಡಿಎನ್‌ಬಿ (ತಜ್ಞ ಸರ್ಜನ್‌ಗಳ ಪದವಿ) ಆಗಿದೆಯಾ ಅಂತ ಕೇಳಿ. ಕೇಳಿದರೆ ತಪ್ಪೇನಿಲ್ಲ, ಅಲ್ವಾ?

ದುಡ್ಡಿಲ್ಲ ಅಂತ ಎಷ್ಟೋ ಜನ ಸುಟ್ಟು ಬಿಗಿದ ಕೈಯಲ್ಲೇ ಬದುಕುತ್ತಾರೆ, ಅದನ್ನು ನೋಡಿದರೆ ಸಂಕಟವಾಗುತ್ತದೆ. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬರೀ ಅಂದಕ್ಕಾಗಿ ಮಾಡಿಸುವುದು ಇದರಲ್ಲಿ ಬರುವುದಿಲ್ಲ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಗೆ ನೆರವಾಗುವ ಸಿಬ್ಬಂದಿ) ವಿಚಾರಿಸಿ.