ನಾಲ್ಕು ಮಿಲಿಮೀಟರಿನ ಅವಮಾನ

ಪಕ್ಕೆಲುಬಿನ ಕೆಳಗೆ, ಬೆನ್ನಿನ ಒಂದು ಬದಿಯಲ್ಲಿ ಶುರುವಾದ ನೋವು ಹೊಟ್ಟೆ ಬಳಸಿ ತೊಡೆಸಂದಿಗೆ ಇಳಿಯುವ ಹೊತ್ತಿಗೆ ನಾನು ನೆಲದ ಮೇಲಿದ್ದೆ. ಕೂತರೆ ಆಗದು, ಮಲಗಿದರೆ ಆಗದು. ಗೋಡೆಗೆ ಹಣೆ ಒತ್ತಿದೆ, ವಾಂತಿ ಮಾಡಿದೆ, ಮತ್ತೆ ಹಾಸಿಗೆ ಹತ್ತಿದೆ, ಇಳಿದೆ. "ಒಂದು ಕಡೆ ಸುಮ್ನೆ ಇರಬಾರದಾ?" ಅಂದಳು ಹೆಂಡತಿ.

ಆಮೇಲೆ ನೋಡಿದರೆ, ಆ ಒದ್ದಾಟವೇ ಡಾಕ್ಟರಿಗೆ ಸಿಕ್ಕ ಮೊದಲ ಸುಳಿವು! ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಸೋಂಕು ಹರಡಿದವರು ಸಾಮಾನ್ಯವಾಗಿ ಅಲ್ಲಾಡದೆ ಮಲಗಿರುತ್ತಾರೆ, ಮಿಸುಕಿದರೆ ನೋವು ಜಾಸ್ತಿ. ಕಿಡ್ನಿ ಹರಳಿನವರು ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ. ಡಾಕ್ಟರು ಬೆನ್ನಿಗೆ ಮೆಲ್ಲಗೆ ಗುದ್ದಿ ನೋಡಿದರು. ನಾನು ಕಿರುಚಿದ ರೀತಿ ಅವರಿಗೆ ತುಂಬಾ ಹಿಡಿಸಿದ ಹಾಗಿತ್ತು.

"ಜ್ವರ ಇದೆಯಾ? ಚಳಿ, ನಡುಕ?" ಎಂದು ಮತ್ತೆ ಮತ್ತೆ ಕೇಳಿದರು. ಹರಳು ದಾರಿ ಕಟ್ಟಿ, ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಅಂಥವರು ಒಂದು ಗಳಿಗೆಯೂ ಕಾಯಬಾರದು. ನನಗೆ ಜ್ವರ ಇರಲಿಲ್ಲ, ಹಾಗಾಗಿ ನಗಲು ಅವಕಾಶ ಉಳಿಯಿತು.

ನೋವಿಗೆ ಇಂಜೆಕ್ಷನ್ ಬಿತ್ತು. ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ತೆಗೆದರು. ಕೈಗೊಂದು ಡಬ್ಬಿ ಕೊಟ್ಟರು. ಕಣ್ಣಿಗೆ ಕಾಣದಷ್ಟು ರಕ್ತ ಮೂತ್ರದಲ್ಲಿದ್ದರೂ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆದರೆ ಮೊದಲು ಮೂತ್ರ ಬರಬೇಕಲ್ಲ! ಹೇಗೋ ನಾಲ್ಕು ಹನಿ ಕೊಟ್ಟು ಬಂದರೆ, ಅಲ್ಟ್ರಾಸೌಂಡ್‌ನವರು "ನೀರು ಕುಡಿದು ಕೂತಿರಿ, ಅರ್ಜೆಂಟ್ ಆದಾಗ ಹೇಳಿ" ಎಂದರು. ಮೂತ್ರಕೋಶ ತುಂಬಿದ್ದರೆ ಅದರ ಹಿಂದಿರುವ, ಕಿಡ್ನಿಯಿಂದ ಮೂತ್ರ ತರುವ ಮೂತ್ರನಾಳದ ಕೊನೆ ಚೆನ್ನಾಗಿ ಕಾಣುತ್ತದಂತೆ. ಸಾಲಾಗಿ ಕೂತವರೆಲ್ಲ ಕಾಲು ಹೆಣೆದುಕೊಂಡು, ಯಾರ ಮುಖವನ್ನೂ ನೋಡದೆ, ತಮ್ಮ ಹೆಸರು ಕೂಗುವುದನ್ನೇ ಕಾಯುತ್ತಿದ್ದರು. ಕೊಡಿ ಅಂದಾಗ ಬರಲಿಲ್ಲ, ತಡೆದುಕೊಳ್ಳಿ ಅಂದಾಗ ನಿಲ್ಲಲಿಲ್ಲ. ಅಂಥ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಒತ್ತುತ್ತಾರೆ ಬೇರೆ.

ಕಿಡ್ನಿ ಊದಿದ್ದು ಕಂಡಿತು, ಹರಳು ಕಾಣಲಿಲ್ಲ. ಮೂತ್ರನಾಳದ ನಡುಭಾಗ ಕರುಳಿನ ಗ್ಯಾಸಿನ ಹಿಂದೆ ಅಡಗಿರುತ್ತದೆ. ಎಕ್ಸ್‌ರೇ ಸಾಕಲ್ವಾ ಎಂದು ಕೇಳಿದೆ. ಯೂರಿಕ್ ಆಸಿಡ್ ಹರಳಾದರೆ ಅದರಲ್ಲಿ ಕಾಣುವುದಿಲ್ಲವಂತೆ. ಕೊನೆಗೆ ಸಿಟಿ ಸ್ಕ್ಯಾನ್. ಅದರ ಕಣ್ಣಿಗೆ ಹೆಚ್ಚುಕಡಿಮೆ ಎಲ್ಲ ಹರಳೂ ಬೀಳುತ್ತದೆ. ವಿಕಿರಣ ಇರುವುದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಮೊದಲು ಅಲ್ಟ್ರಾಸೌಂಡೇ.

ರಿಪೋರ್ಟ್ ಬಂತು. 4 ಮಿಲಿಮೀಟರ್.

ನನಗಾದ ನೋವಿಗೆ ಕನಿಷ್ಠ ನಿಂಬೆಹಣ್ಣಿನ ಗಾತ್ರದ್ದಾದರೂ ಇರಬೇಕಿತ್ತು. ನೋಡಲು ಬಂದ ಭಾವ ರಿಪೋರ್ಟ್ ತಿರುಗಿಸಿ, "ಇಷ್ಟೇನಾ? ನಂದು 14" ಎಂದರು. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿದ್ದಂತೆ, ಒಂದು ದಿನವೂ ನೋವಿಲ್ಲ! ಕಿಡ್ನಿಯಲ್ಲೇ ತೆಪ್ಪಗೆ ಕೂತ ಹರಳು ಎಷ್ಟೋ ಸಲ ಸದ್ದೇ ಮಾಡುವುದಿಲ್ಲ. ಅದು ಹೊರಟು, ಒಳಗೆ ಬರೀ ಮೂರು ನಾಲ್ಕು ಮಿಲಿಮೀಟರ್ ಅಗಲವಿರುವ ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗಲೇ ರಗಳೆ. ಮೂತ್ರ ಹಿಂದೆ ಒತ್ತುತ್ತದೆ, ಕಿಡ್ನಿ ಬಿಗಿಯುತ್ತದೆ, ನಾಳ ಹಿಂಡಿಕೊಳ್ಳುತ್ತದೆ. ನೋವು ಅಲೆ ಅಲೆಯಾಗಿ ಬರುವುದು ಅದಕ್ಕೇ. ಇದನ್ನು ಭಾವನಿಗೆ ವಿವರಿಸಿದೆ. ಅವರು 14 ಎಂಬ ಸಂಖ್ಯೆಯಿಂದ ಕೆಳಗಿಳಿಯಲಿಲ್ಲ.

5 ಮಿಲಿಮೀಟರ್‌ಗಿಂತ ಸಣ್ಣವು ಬಹುಪಾಲು ತಾವೇ ಹೊರಬೀಳುತ್ತವೆ, 10 ದಾಟಿದವು ಅಪರೂಪಕ್ಕೆ. ಹಾಗಾಗಿ ನನಗೆ ಮಾತ್ರೆ, ನೀರು, ಜೊತೆಗೆ ಮೂತ್ರ ಸೋಸಿ ಹರಳು ಹಿಡಿಯಲು ಒಂದು ಜಾಲರಿ. ಸಲಹೆಗಳಂತೂ ಪುಕ್ಕಟೆ. ಬೀರ್ ಕುಡಿ ಅಂದವರ ಕಾಳಜಿ ನನ್ನ ಕಿಡ್ನಿ ಮೇಲಿತ್ತೋ ಜೊತೆಗೆ ಕೂರುವುದರ ಮೇಲಿತ್ತೋ! ಹಾಲು ಬಿಡು ಅಂದವರಿಗೆ ಡಾಕ್ಟರೇ ಉತ್ತರ ಕೊಟ್ಟರು: ಊಟದ ಕ್ಯಾಲ್ಸಿಯಂ ಹರಳು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶವನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ, ಅದನ್ನು ಬಿಟ್ಟರೆ ಹರಳಿಗೇ ಅನುಕೂಲ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಎಂದರು.

ಒಂದು ಬೆಳಗ್ಗೆ ಜಾಲರಿಯಲ್ಲಿ ಟಿಕ್ ಎಂದಿತು. ಹೆಂಡತಿ ಕನ್ನಡಕ ಹಾಕಿ ನೋಡಿ, "ಎಲ್ಲಿದೆ?" ಅಂದಳು. ಲ್ಯಾಬಿಗೆ ಕೊಟ್ಟೆ. ಏನಾದರೂ ಅಪರೂಪದ್ದಿರಬಹುದೆಂಬ ಆಸೆ ಇನ್ನೂ ಇತ್ತು. "ಕ್ಯಾಲ್ಸಿಯಂ ಆಕ್ಸಲೇಟ್," ಎಂದರು ಡಾಕ್ಟರು, "ಎಲ್ಲಕ್ಕಿಂತ ಕಾಮನ್."