ಆ ಕಪ್ಪಿನಲ್ಲಿ ಕಾಫಿ ಇಲ್ಲ

ನಿನ್ನೆ ರಾತ್ರಿ ಒಂದು ಪತ್ತೇದಾರಿ ಸರಣಿ ನೋಡುತ್ತಿದ್ದೆ. ಹೆಸರು ಬೇಡ, ಇದು ಆ ಒಂದು ಸರಣಿಯ ತಪ್ಪಲ್ಲ. ಇಬ್ಬರು ಅಧಿಕಾರಿಗಳು ಕಾರಿನಿಂದ ಇಳಿದರು. ಇಬ್ಬರ ಕೈಯಲ್ಲೂ ಮುಚ್ಚಳ ಹಾಕಿದ ಪೇಪರ್ ಕಪ್. ಮಗುವೊಂದು ಕಾಣೆಯಾಗಿದೆ, ಮಾತು ಗಂಭೀರವಾಗಿ ಸಾಗಿದೆ. ಅಷ್ಟರಲ್ಲಿ ಒಬ್ಬರು ‘ಆ ಮನೆ ನೋಡು’ ಅಂತ ತೋರಿಸಲು ಕಪ್ ಹಿಡಿದ ಕೈಯನ್ನೇ ಎತ್ತಿ ಬೀಸಿದರು. ಕಪ್ ಹಕ್ಕಿಯ ಪುಕ್ಕದಂತೆ ಹಾರಾಡಿತು. ಅದರಲ್ಲಿ ಒಂದು ಹನಿ ಕಾಫಿಯೂ ಇರಲಿಲ್ಲ. ಅಲ್ಲಿಗೆ ನನ್ನ ಮನಸ್ಸು ಆ ಮಗುವಿನಿಂದ ಕಳಚಿಕೊಂಡುಬಿಟ್ಟಿತು. ಮುಂದಿನ ಐದು ನಿಮಿಷ ನಾನು ನೋಡಿದ್ದು ಆ ಕಪ್ಪನ್ನು ಮಾತ್ರ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಬೇಜಾರೇ ಅಂತ ನಿಮಗೆ ಅನಿಸಬಹುದು. ನನಗೆ ಇದು ಸಣ್ಣದಲ್ಲ. ಓದುವ ದಿನಗಳಲ್ಲಿ ಎರಡು ವರ್ಷ ಒಂದು ಕಾಫಿ ಅಂಗಡಿಯ ಕೌಂಟರ್ ಹಿಂದೆ ನಿಂತು ಕೆಲಸ ಮಾಡಿದ್ದೇನೆ. ದಿನಕ್ಕೆ ನೂರಾರು ಕಪ್ ಕೈದಾಟಿ ಹೋಗುತ್ತಿದ್ದವು. ಕಪ್ ತೆಗೆದುಕೊಳ್ಳುವ ಕೈಗಳನ್ನು ನೋಡುತ್ತಾ ನೋಡುತ್ತಾ ನನಗೊಂದು ವಿಷಯ ತಿಳಿಯಿತು. ತುಂಬಿದ ಕಪ್ ಕೈಗೆ ಬಂದ ಕೂಡಲೇ ಮನುಷ್ಯ ಬದಲಾಗುತ್ತಾನೆ. ಮಣಿಕಟ್ಟು ಬಿಗಿಯಾಗುತ್ತದೆ. ಮೊಣಕೈ ಮೈಗೆ ಹತ್ತಿರ ಬರುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ. ಜೋರಾಗಿ ಜಗಳ ಮಾಡುತ್ತಾ ಬಂದವರೂ ಆ ಒಂದು ಕ್ಷಣ ಮಾತು ನಿಲ್ಲಿಸಿ ಕಪ್ ನೋಡುತ್ತಾರೆ. ಯಾರೂ ಇದನ್ನು ಬೇಕೆಂದು ಮಾಡುವುದಿಲ್ಲ, ಕೈ ತಾನಾಗಿಯೇ ಕಲಿತಿರುತ್ತದೆ.

ಲೆಕ್ಕ ಸುಲಭ. 240 ಮಿಲಿಲೀಟರ್ ಕಾಫಿ ಅಂದರೆ ಹೆಚ್ಚುಕಮ್ಮಿ 240 ಗ್ರಾಂ ತೂಕ. ಖಾಲಿ ಪೇಪರ್ ಕಪ್ ಅದರ ಹತ್ತನೇ ಒಂದು ಭಾಗವೂ ತೂಗುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ಎಂಥ ನಟನಾದರೂ ಬರೀ ಅಭಿನಯದಿಂದ ತುಂಬಿಕೊಡುವುದು ಕಷ್ಟ. ಕಣ್ಣಲ್ಲಿ ನೀರು ತರಿಸಬಲ್ಲ ನಟಿಯ ಕೈಯಲ್ಲೂ ಖಾಲಿ ಕಪ್ ಖಾಲಿಯಾಗಿಯೇ ಕಾಣುತ್ತದೆ.

ಕುಡಿಯುವ ರೀತಿಯನ್ನು ಒಮ್ಮೆ ಗಮನಿಸಿ. ತುಂಬಿದ ಕಪ್ಪಿನ ಮೊದಲ ಗುಟುಕಿಗೆ ಕಪ್ಪನ್ನು ಚೂರು ಬಾಗಿಸಿದರೆ ಸಾಕು. ಬದಲಿಗೆ ತುಟಿಯೇ ಮುಂದೆ ಬಂದು ಕಾಫಿಯನ್ನು ಹುಡುಕುತ್ತದೆ. ತಲೆ ಹಿಂದಕ್ಕೆ ಹೋಗುವುದು ಕೊನೆಯ ಗುಟುಕಿಗೆ, ತಳದಲ್ಲಿ ಉಳಿದದ್ದನ್ನು ಮುಗಿಸುವಾಗ. ತೆರೆಯ ಮೇಲೆ ಈಗಷ್ಟೇ ಅಂಗಡಿಯಿಂದ ತಂದ ಕಪ್ಪನ್ನು ಮೊದಲ ಸಲಕ್ಕೇ ಪೂರ್ತಿ ಮೇಲೆತ್ತುತ್ತಾರೆ. ನಿಜವಾಗಿ ಕಾಫಿ ಇದ್ದಿದ್ದರೆ ಅಂಗಿಯೆಲ್ಲ ಒದ್ದೆಯಾಗಬೇಕಿತ್ತು. ಇಲ್ಲಿ ಗಂಟಲು ಕೂಡ ಅಲ್ಲಾಡುವುದಿಲ್ಲ. ತುಟಿ ತಾಗಿದ ಅರೆಕ್ಷಣದಲ್ಲಿ ಮುಂದಿನ ಮಾತು ಶುರುವಾಗಿರುತ್ತದೆ. ನುಂಗಿದ್ದು ಯಾವಾಗ?

ಇನ್ನು ನಡೆಯುವ ದೃಶ್ಯಗಳು. ಕಚೇರಿಯ ಉದ್ದದ ಓಣಿಯಲ್ಲಿ ಮುಚ್ಚಳವಿಲ್ಲದ ಮಗ್ ಹಿಡಿದು ಸರಸರ ನಡೆಯುತ್ತಾರೆ, ತಿರುಗುತ್ತಾರೆ, ಫೈಲ್ ಕೊಡುತ್ತಾರೆ, ಒಂದು ಹನಿಯೂ ಚೆಲ್ಲುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ. ಕಾಫಿ ಕಪ್ಪಿಗೆ ಆ ಗಾದೆ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಹ್ಯಾನ್ಸ್ ಮೇಯರ್ ಮತ್ತು ರೂಸ್ಲಾನ್ ಕ್ರೆಚೆಟ್ನಿಕೋವ್ 2012ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ಕಪ್ಪಿನೊಳಗೆ ಕಾಫಿ ಅತ್ತಿತ್ತ ಓಲಾಡುವುದಕ್ಕೆ ಅದರದ್ದೇ ಒಂದು ಲಯ ಇದೆ. ನಾವು ದಿನಾ ಬಳಸುವ ಅಳತೆಯ ಕಪ್ಪುಗಳಲ್ಲಿ ಆ ಲಯ ನಮ್ಮ ಹೆಜ್ಜೆಯ ಲಯಕ್ಕೆ ಹತ್ತಿರ ಇರುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ನೂಕಿದರೆ ಏನಾಗುತ್ತದೋ ಅದೇ ಕಪ್ಪಿನಲ್ಲೂ ಆಗುತ್ತದೆ. ಸಾಮಾನ್ಯವಾಗಿ ಏಳರಿಂದ ಹತ್ತನೇ ಹೆಜ್ಜೆಯ ಒಳಗೆ ಕಾಫಿ ಚೆಲ್ಲುತ್ತಿತ್ತು. ಕಪ್ಪಿನ ಮೇಲೆ ಗಮನ ಇಟ್ಟು ನಡೆದರೆ ಚೆಲ್ಲುವುದು ಕಮ್ಮಿ ಅಂತಲೂ ಕಂಡುಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಅದೇ ವರ್ಷ ಅವರಿಗೆ ಸಿಕ್ಕಿತು. ನನಗಂತೂ ನಗು ಬರಲಿಲ್ಲ. ಟ್ರೇ ಹಿಡಿದು ಮೇಜಿನಿಂದ ಮೇಜಿಗೆ ನಡೆದವರಿಗೆ ಆ ಏಳನೇ ಹೆಜ್ಜೆ ಚೆನ್ನಾಗಿ ಗೊತ್ತು.

ಖಾಲಿ ಕಪ್ ಕೊಡುವುದಕ್ಕೆ ಕಾರಣಗಳಿಲ್ಲ ಅಂತ ನಾನು ಹೇಳುವುದಿಲ್ಲ. ಒಂದೇ ದೃಶ್ಯವನ್ನು ಹತ್ತಿಪ್ಪತ್ತು ಸಲ ತೆಗೆಯುತ್ತಾರೆ. ಪ್ರತಿ ಸಲವೂ ಕಾಫಿ ಅದೇ ಮಟ್ಟದಲ್ಲಿ ಇರಬೇಕು, ಇಲ್ಲವಾದರೆ ಎಡಿಟಿಂಗ್‌ನಲ್ಲಿ ಅರ್ಧ ಕಪ್ ಇದ್ದಕ್ಕಿದ್ದಂತೆ ತುಂಬಿಬಿಡುತ್ತದೆ. ಉಡುಪಿನ ಮೇಲೆ ಒಂದು ಹನಿ ಬಿದ್ದರೆ ಇಡೀ ತಂಡ ಕೈಕಟ್ಟಿ ಕಾಯಬೇಕು. ಕಪ್ ಮೇಜಿಗೆ ತಾಗಿದ ಸದ್ದು, ಹೀರಿದ ಸದ್ದು ಮೈಕಿನಲ್ಲಿ ಮಾತಿನ ಮೇಲೆಯೇ ಬಂದು ಕೂರುತ್ತದೆ. ನಾವು ಕೇಳುವ ಕಪ್ಪಿನ ಸದ್ದನ್ನು ಎಷ್ಟೋ ಸಲ ಆಮೇಲೆ ಸ್ಟುಡಿಯೋದಲ್ಲಿ ಬೇರೆಯಾಗಿ ಮಾಡಿ ಸೇರಿಸಿರುತ್ತಾರೆ. ಹಾಗೆಯೇ ಹಬೆಯ ಬಗ್ಗೆಯೂ ನಾನು ಅವರನ್ನು ದೂರುವುದಿಲ್ಲ. ಹಿಂದಿನಿಂದ ಬೆಳಕು, ಅದರಾಚೆ ಕತ್ತಲು ಇದ್ದರೆ ಮಾತ್ರ ಹಬೆ ಕ್ಯಾಮೆರಾಗೆ ಚೆನ್ನಾಗಿ ಕಾಣುವುದು. ಕುದಿಯುವ ಕಾಫಿಯೂ ಹಗಲು ಬೆಳಕಿನಲ್ಲಿ ತಣ್ಣಗಿರುವಂತೆ ಕಾಣಬಹುದು.

ಇವೆಲ್ಲ ನಿಜವಾದ ತೊಂದರೆಗಳು. ಆದರೆ ಪರಿಹಾರ ಅದೆಷ್ಟು ಹತ್ತಿರದಲ್ಲಿದೆ ಅಂದರೆ, ಕಪ್ಪಿಗೆ ನೀರು ಹಾಕಿ! ಮುಚ್ಚಳ ಇರುವ ಕಪ್ಪಿನೊಳಗೆ ಏನಿದೆ ಅಂತ ಯಾರಿಗೆ ಕಾಣುತ್ತದೆ? ಚೆಲ್ಲುವ ಭಯ ಇದ್ದರೆ ತಳದಲ್ಲಿ ಏನಾದರೂ ತೂಕದ ವಸ್ತು ಅಂಟಿಸಿ.

ಕಾಲೇಜಿನಲ್ಲಿ ನಾವು ಮಾಡಿದ ಒಂದು ನಾಟಕ ನೆನಪಾಗುತ್ತದೆ. ನನ್ನದು ಅಪ್ಪನ ಜತೆ ಮಾತು ಬಿಟ್ಟು ಹತ್ತು ವರ್ಷದ ಮೇಲೆ ಮನೆಗೆ ಬರುವ ಪಾತ್ರ. ಇಬ್ಬರ ನಡುವೆ ಎರಡು ಕಪ್ ಕಾಫಿ. ತಾಲೀಮಿನಲ್ಲಿ ಖಾಲಿ ಕಪ್ ಹಿಡಿದು ಎರಡು ವಾರ ಒದ್ದಾಡಿದೆವು. ಮಾತು ಮಾತಿಗೆ ಸಿಕ್ಕಿಕೊಳ್ಳುತ್ತಲೇ ಇರಲಿಲ್ಲ. ಒಂದು ದಿನ ನಿರ್ದೇಶಕರು ಏನೂ ಹೇಳದೆ ಎರಡೂ ಕಪ್ಪಿಗೆ ಬಿಸಿನೀರು ಹಾಕಿಟ್ಟರು. ಅವತ್ತು ದೃಶ್ಯವೇ ಬೇರೆಯಾಯಿತು. ಕಪ್ ಬಿಸಿ ಇತ್ತು, ಕೂಡಲೇ ಕುಡಿಯಲು ಆಗಲಿಲ್ಲ. ಕುಡಿಯಲು ಆಗದ್ದರಿಂದ ಕಾಯಬೇಕಾಯಿತು. ಕಾಯುವಾಗ ಇಬ್ಬರಿಗೂ ಎಲ್ಲಿ ನೋಡಬೇಕು ಅಂತ ತಿಳಿಯಲಿಲ್ಲ. ಅಪ್ಪನ ಪಾತ್ರದವನು ಕಪ್ಪನ್ನು ನನ್ನ ಕಡೆ ಮೆಲ್ಲಗೆ ಸರಿಸಿದ. ನಾಟಕದ ಬರಹದಲ್ಲಿ ಅದು ಇರಲಿಲ್ಲ. ತೂಕ ಇರುವ ಕಪ್ಪನ್ನು ಚೆಲ್ಲದಂತೆ ಸರಿಸುವುದರಲ್ಲಿ ಒಂದು ಅಕ್ಕರೆ ತಾನಾಗಿ ಬಂದಿತ್ತು. ಅಂದಿನಿಂದ ಈ ವಿಷಯದಲ್ಲಿ ನನ್ನ ಮನಸ್ಸು ಗಟ್ಟಿಯಾಗಿದೆ.

2019ರಲ್ಲಿ, ರಾಜರು-ಕತ್ತಿಗಳ ಹಳೆಯ ಕಾಲದಂಥ ಕಲ್ಪನೆಯ ಲೋಕದಲ್ಲಿ ನಡೆಯುವ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಎಂಟನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ಮೇಜಿನ ಮೇಲೆ ಒಂದು ಇಂದಿನ ಕಾಲದ ಪೇಪರ್ ಕಪ್ ಉಳಿದುಹೋಗಿತ್ತು. ಜಗತ್ತಿಗೆ ಜಗತ್ತೇ ಅದರ ಬಗ್ಗೆ ಮಾತಾಡಿತು. ಆಮೇಲೆ ಅದನ್ನು ಪ್ರಸಾರ ಮಾಡಿದ ಎಚ್‌ಬಿಒ ವಾಹಿನಿ ಆ ಕಪ್ಪನ್ನು ಡಿಜಿಟಲ್ ಆಗಿ ಅಳಿಸಿಹಾಕಿತು. ಇರಬಾರದ ಕಡೆ ಇದ್ದ ಒಂದು ಕಪ್ಪಿಗೆ ಅಷ್ಟು ಗಲಾಟೆ. ಇರಬೇಕಾದ ಕಡೆ, ನಟರ ಕೈಯಲ್ಲೇ ಇದ್ದೂ ಖಾಲಿಯಾಗಿರುವ ಸಾವಿರಾರು ಕಪ್ಪುಗಳ ಬಗ್ಗೆ ಯಾಕೆ ಯಾರೂ ಸ್ವಲ್ಪವಾದರೂ ಕೇಳುವುದಿಲ್ಲ?

ತೂಕದ ಮಾತು ಅಲ್ಲಿರಲಿ. ನನಗೆ ನಿಜಕ್ಕೂ ಸಿಟ್ಟು ಬರುವುದು ಬಿಸಿಯ ವಿಷಯದಲ್ಲಿ.

ಕಾಫಿ ತಯಾರಾಗುವುದು ಸುಮಾರು 90ರಿಂದ 96 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. ಹಿತವಾಗಿ ಕುಡಿಯಲು ಅದು 60ರ ಆಸುಪಾಸಿಗೆ ಇಳಿಯಬೇಕು. ಅದಕ್ಕೇ ನಾವು ಊದುತ್ತೇವೆ, ಆರಲು ಬಿಡುತ್ತೇವೆ. ತೆರೆಯ ಮೇಲೆ ಯಂತ್ರದಿಂದ ಇಳಿದ ಕಾಫಿಯನ್ನು ನಿಂತಲ್ಲೇ ಗಟಗಟ ಕುಡಿದು ಓಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವ ಪಾನೀಯಗಳನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲವು’ ಎನ್ನುವ ಗುಂಪಿಗೆ ಸೇರಿಸಿತು. ಅಲ್ಲಿ ತಪ್ಪು ಕಾಫಿಯದಲ್ಲ, ಬಿಸಿಯದು. ಗಟಗಟ ಕುಡಿಯುವುದು ಶೂರತನದಂತೆ ಕಾಣುವಾಗ ಇದು ಯಾರಿಗೆ ನೆನಪಾಗುತ್ತದೆ?

ಇದಕ್ಕಿಂತ ಕೆಟ್ಟದ್ದು ಕಾಫಿ ಎರಚುವ ದೃಶ್ಯಗಳು. ಸಿಟ್ಟು ಬಂತು ಅಂತ ಎದುರಿಗಿದ್ದವರ ಮುಖಕ್ಕೆ ಬಿಸಿ ಕಾಫಿ ಎರಚುತ್ತಾರೆ. ಅವರು ‘ಆ’ ಅಂದು ಒರೆಸಿಕೊಳ್ಳುತ್ತಾರೆ. ಮುಂದಿನ ದೃಶ್ಯದಲ್ಲಿ ಮುಖ ಮೊದಲಿನಂತೆಯೇ ಇರುತ್ತದೆ. ಪ್ರೇಮಕಥೆಗಳಲ್ಲಂತೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಎದೆಯ ಮೇಲೆಲ್ಲ ಕಾಫಿ ಚೆಲ್ಲಿ, ಅಲ್ಲಿಂದಲೇ ಪ್ರೀತಿ ಶುರುವಾಗುತ್ತದೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು ಐದು ಸೆಕೆಂಡು ಸಾಕು. 70 ಡಿಗ್ರಿ ಆದರೆ ಒಂದು ಸೆಕೆಂಡು. ಮಕ್ಕಳ ಚರ್ಮ ತೆಳು, ಅಷ್ಟೂ ಹೊತ್ತು ಬೇಡ. ಬಟ್ಟೆ ಆ ಬಿಸಿಯನ್ನು ಹಿಡಿದಿಟ್ಟುಕೊಂಡು ಇನ್ನಷ್ಟು ಸುಡುತ್ತದೆ.

ಕೌಂಟರ್ ಹಿಂದೆ ಇದ್ದಾಗ ಒಮ್ಮೆ ನನ್ನ ಎಡಗೈ ಮೇಲೆ ಅರ್ಧ ಕಪ್ ಬಿತ್ತು. ಅರ್ಧ ಕಪ್ ಅಷ್ಟೇ. ಜತೆಯಲ್ಲಿದ್ದ ಹಿರಿಯ ಹುಡುಗಿ ಕೂಡಲೇ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ನಾನು ಸಾಕು ಅಂದರೂ ಬಿಡದೆ, ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟಳು. ಹಾಗಿದ್ದೂ ರಾತ್ರಿ ಹೊತ್ತಿಗೆ ಬೊಬ್ಬೆ ಎದ್ದಿತ್ತು. ಎಷ್ಟೋ ದಿನ ಶರ್ಟಿನ ತೋಳು ಇಳಿಸಿಕೊಳ್ಳಲು ಆಗಲಿಲ್ಲ. ಹೀಗೆ ಸುಟ್ಟಾಗ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು ಎನ್ನುವುದನ್ನು ಇಷ್ಟೊಂದು ಕಾಫಿ ಎರಚುವ ಸರಣಿಗಳಲ್ಲಿ ಒಂದರಲ್ಲೂ ನಾನು ನೋಡಿಲ್ಲ.

1992ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ 79 ವರ್ಷದ ಒಬ್ಬ ಅಜ್ಜಿ, ನಿಂತಿದ್ದ ಕಾರಿನಲ್ಲಿ ಕೂತು ಕಾಫಿ ಕಪ್ಪಿನ ಮುಚ್ಚಳ ತೆಗೆಯುವಾಗ ಅದು ತೊಡೆಯ ಮೇಲೆ ಚೆಲ್ಲಿತು. ಆ ಅಂಗಡಿ ಕಾಫಿಯನ್ನು 82ರಿಂದ 88 ಡಿಗ್ರಿ ಬಿಸಿಯಲ್ಲಿ ಇಡುತ್ತಿತ್ತು. ಚರ್ಮದ ಪೂರ್ತಿ ಆಳಕ್ಕೆ ಸುಟ್ಟು, ಎಂಟು ದಿನ ಆಸ್ಪತ್ರೆಯಲ್ಲಿದ್ದು, ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ಅವರು ಮೊದಲು ಕೇಳಿದ್ದು ಚಿಕಿತ್ಸೆಯ ಖರ್ಚು ಮತ್ತು ಹೋದ ಸಂಪಾದನೆಗೆ 20,000 ಡಾಲರ್. ಸಿಗದಿದ್ದಾಗ ನ್ಯಾಯಾಲಯಕ್ಕೆ ಹೋದರು, 1994ರಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಆದರೆ ಟೀವಿ ಅವರನ್ನು ದುಡ್ಡಿನಾಸೆಯ ಮುದುಕಿಯಂತೆ ಮಾಡಿ ನಗಿಸಿತು. ಜನ ನಕ್ಕರು. ಯಾಕೆ ನಕ್ಕರು ಅಂದರೆ, ಕಾಫಿ ಚೆಲ್ಲಿದರೆ ಏನಾಗುತ್ತದೆ ಅಂತ ಅವರು ಅಷ್ಟು ವರ್ಷ ನೋಡಿದ್ದೇ ಸುಳ್ಳು ಕಾಫಿಯಲ್ಲಿ. ಆ ಗಾಯದ ವಿವರ ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕಾಫಿಯ ಕೆಲಸದ ಬಗ್ಗೆ ಎರಡು ಮಾತು. ಒಂದು ಗುಟುಕಿಗೇ ಪತ್ತೇದಾರನ ಕಣ್ಣು ಅರಳುವುದನ್ನು ನೋಡಿರುತ್ತೀರಿ. ಕೆಫೀನ್ ಹಾಗೆ ಕೆಲಸ ಮಾಡುವುದಿಲ್ಲ. ಅದು ರಕ್ತಕ್ಕೆ ಸೇರಿ, ಮಿದುಳಿನಲ್ಲಿ ನಿದ್ದೆಯ ಒತ್ತಡ ತರುವ ಅಡೆನೋಸಿನ್‌ಗೆ ಅಡ್ಡ ನಿಲ್ಲಬೇಕು. ಪೂರ್ತಿ ಏರಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇಳಿಯುವುದು ಇನ್ನೂ ನಿಧಾನ, ಅರ್ಧ ಕರಗಲು ಸುಮಾರು ಐದು ಗಂಟೆ. 2013ರ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು. ಕಥೆಗಳಲ್ಲಿ ನಡುರಾತ್ರಿ ದೊಡ್ಡ ಮಗ್ ಮುಗಿಸಿ, ಮುಂದಿನ ಶಾಟ್‌ನಲ್ಲಿ ಮಗುವಿನ ಹಾಗೆ ಮಲಗಿರುತ್ತಾರೆ. ಕುಡಿದ ಅಮಲಿನಲ್ಲಿ ಇರುವವರಿಗೆ ಕಪ್ಪು ಕಾಫಿ ಕುಡಿಸಿ ಕಾರಿನ ಕೀಲಿ ಕೊಡುವ ದೃಶ್ಯವನ್ನು ಮಾತ್ರ ದಯವಿಟ್ಟು ಯಾರೂ ನಂಬಬೇಡಿ. ಕಾಫಿಯಿಂದ ಎಚ್ಚರ ಬಂದಂತೆ ಅನಿಸಬಹುದು, ರಕ್ತದಲ್ಲಿರುವ ಮದ್ಯ ಚೂರೂ ಇಳಿಯುವುದಿಲ್ಲ.

ಕೊನೆಗೆ, ಬಿಟ್ಟುಹೋಗುವ ಕಪ್ಪುಗಳು. ಇಬ್ಬರು ಬಂದು ಕೂರುತ್ತಾರೆ, ಕಾಫಿ ಬರುತ್ತದೆ, ನಾಲ್ಕು ಮಾತಾಗುತ್ತದೆ, ಒಬ್ಬರು ಎದ್ದು ಹೋಗುತ್ತಾರೆ. ತುಂಬಿದ ಕಪ್ ಅಲ್ಲೇ. ಜನ ನಿಜಕ್ಕೂ ಎದ್ದು ಹೋಗುವುದು ನಾನು ಎಷ್ಟೋ ಸಲ ನೋಡಿದ್ದೇನೆ, ಅವರ ಮೇಜು ಒರೆಸಿದ್ದೇನೆ. ಅಳುತ್ತಾ ಎದ್ದವರ ಕಪ್ಪಿನಲ್ಲೂ ಅರ್ಧ ಖಾಲಿಯಾಗಿರುತ್ತಿತ್ತು. ಕೆಟ್ಟ ಸುದ್ದಿ ಕೇಳುತ್ತಾ ಕೇಳುತ್ತಾ ಕೈ ಕಪ್ಪಿನ ಕಡೆ ಹೋಗುತ್ತದೆ, ಬಾಯಿ ಗುಟುಕರಿಸುತ್ತದೆ, ತಮಗೇ ಗೊತ್ತಿಲ್ಲದೆ. ಒಬ್ಬರಂತೂ ಎದುರಿನವರು ಹೋದ ಮೇಲೆ ಇಪ್ಪತ್ತು ನಿಮಿಷ ಕೂತು, ಪೂರ್ತಿ ಆರಿಹೋದ ಕಾಫಿಯನ್ನು ತಳದವರೆಗೆ ಕುಡಿದರು. ಆಮೇಲೆ ಎದುರಿನವರು ಮುಟ್ಟದೆ ಬಿಟ್ಟುಹೋದ ಕಪ್ಪನ್ನೂ ಹತ್ತಿರ ಎಳೆದುಕೊಂಡರು. ನಾನು ಮೇಜು ಒರೆಸಲು ಹೋಗದೆ ಅಲ್ಲೇ ನಿಂತೆ.

ಅಂಥದ್ದೊಂದು ದೃಶ್ಯವನ್ನು ತೆರೆಯ ಮೇಲೆ ನೋಡಬೇಕು ಅಂತ ಆವತ್ತಿನಿಂದ ಕಾಯುತ್ತಿದ್ದೇನೆ. ನೀವು ನೋಡಿದ್ದರೆ ಹೆಸರು ತಿಳಿಸಿ.